ಬಾಗಿಲು ಬಿಡದ ವಿಧವೆ



ಪ್ರಾರ್ಥನೆಯ ಬಗ್ಗೆ ಮಾತಾಡಲು ಈ ತೇರದಾಳಕ್ಕಿಂತ ತಕ್ಕ ಜಾಗ ನನಗೆ ಹೊಳೆಯುವುದಿಲ್ಲ. ಮಂಡಳಿಕ ಗೊಂಕ ಇಲ್ಲಿ ನೇಮಿನಾಥನಿಗೆ ಬಸದಿ ಕಟ್ಟಿಸಿ ಒಂಬತ್ತು ಶತಮಾನ ತುಂಬಿತು. ಆ ಬಸದಿಯ ಶಾಸನ 1123ರದು. ಅಲ್ಲಮಪ್ರಭುವಿನ ಗುಡಿಗೆ ದಿನ ಬೆಳಗಾದರೆ ಜನ ನಡೆದುಕೊಳ್ಳುತ್ತಾರೆ. ಇಷ್ಟು ಕಾಲ ಕೈಮುಗಿದುಕೊಂಡು ಬಂದ ಊರಿಗೆ ಮೊರೆಯಿಡುವುದು ಹೇಗೆಂದು ನಾನು ಕಲಿಸಬೇಕಾಗಿಲ್ಲ. ಕ್ರೈಸ್ತರು ಬಿಡದೆ ಮಾಡುವ ಪ್ರಾರ್ಥನೆ ಎಂದರೆ ಏನು, ಎಲ್ಲ ದಾರಿ ಮುಚ್ಚಿದಾಗ ಅದು ಏನು ಮಾಡಬಲ್ಲದು ಎಂದು ಕೇಳಿ ಕರೆದಿದ್ದೀರಿ. ಅದನ್ನು ನನ್ನ ನಂಬಿಕೆಯ ಒಳಗೆ ನಿಂತೇ ಹೇಳುತ್ತೇನೆ.

ಎಲ್ಲ ದಾರಿ ಮುಚ್ಚುವುದು ಎಂದರೇನೆಂದು ಈ ಭಾಗದವರು ಬಲ್ಲರು. 2019ರ ಆಗಸ್ಟಿನಲ್ಲಿ ಕೃಷ್ಣೆ ದಂಡೆ ಮೀರಿ ಹೊಲಕ್ಕೆ, ಮನೆಗೆ ನುಗ್ಗಿದಳು. ಅದರ ಮರುವರ್ಷವೇ ಲಾಕ್‌ಡೌನ್ ಬಂದು ಮಗ್ಗಗಳ ಸದ್ದು ಅಡಗಿತು. ಅಂಥ ಹೊತ್ತಿನಲ್ಲಿ ಪ್ರಾರ್ಥನೆಯ ಬಗ್ಗೆ ಎರಡು ಮಾತು ಕಿವಿಗೆ ಬೀಳುತ್ತವೆ. ನಂಬಿದರೆ ಸಾಕು, ನಾಳೆಯೇ ಪವಾಡ ನಡೆಯುತ್ತದೆ ಎನ್ನುವುದು ಒಂದು. ಪ್ರಾರ್ಥನೆ ಮನಸ್ಸಿಗೆ ಸಮಾಧಾನ ಕೊಟ್ಟೀತು, ಅದರಾಚೆಗೆ ಏನೂ ಇಲ್ಲ ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ. ಯಾಕೆ ಎಂದು ಹೇಳಲು ಇಬ್ಬರು ವಿಧವೆಯರ ಕಥೆ ಬೇಕು. ಒಬ್ಬಳು ಯೇಸು ಹೇಳಿದ ಸಾಮ್ಯದ, ಅಂದರೆ ದೃಷ್ಟಾಂತ ಕಥೆಯ, ಒಳಗಿನವಳು. ಇನ್ನೊಬ್ಬರು ನಮ್ಮ ಕರ್ನಾಟಕದ ಮಣ್ಣಿನಲ್ಲೇ ಹುಟ್ಟಿದವರು.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಆ ಸಾಮ್ಯ ಬರುತ್ತದೆ. ಒಂದು ಊರು, ಅಲ್ಲೊಬ್ಬ ನ್ಯಾಯಾಧಿಪತಿ. ದೇವರ ಭಯವಿಲ್ಲ, ಜನರ ಮುಲಾಜಿಲ್ಲ. ಅದೇ ಊರಿನ ವಿಧವೆಯೊಬ್ಬಳು ಅವನ ಬಳಿ ಮತ್ತೆ ಮತ್ತೆ ಬಂದು, ತನಗೆ ಅನ್ಯಾಯ ಮಾಡಿದವನ ವಿರುದ್ಧ ನ್ಯಾಯ ಕೊಡಿಸು ಎಂದು ಕೇಳುತ್ತಾಳೆ. ಬಹಳ ಕಾಲ ಅವನು ಕಿವಿಗೊಡುವುದಿಲ್ಲ. ಕೊನೆಗೆ, ಈಕೆ ನನ್ನ ತಲೆ ತಿನ್ನುತ್ತಾಳೆ, ಇವಳ ವ್ಯಾಜ್ಯ ಮುಗಿಸಿಬಿಡೋಣ ಎಂದುಕೊಳ್ಳುತ್ತಾನೆ. ಇಂಥವನೇ ನ್ಯಾಯ ಕೊಟ್ಟಾನಾದರೆ, ಹಗಲಿರುಳು ತನ್ನನ್ನು ಕೂಗುವವರಿಗೆ ದೇವರು ಕೊಡದೆ ಇರುತ್ತಾನೆಯೇ ಎಂಬುದು ಯೇಸುವಿನ ಪ್ರಶ್ನೆ.

ಈ ಸಾಮ್ಯವನ್ನು ಚರ್ಚಿನಲ್ಲಿ ಎಷ್ಟೋ ಸಲ ಕೇಳುತ್ತೇವೆ. ದೇವರನ್ನು ಪೀಡಿಸಿದರೆ ಕೊಡುತ್ತಾನೆ ಎಂಬಂತೆ ಅದನ್ನು ವಿವರಿಸುವುದೂ ಉಂಟು. ಅಲ್ಲಿ ಒಂದು ಅಂಶ ಕೈಬಿಟ್ಟು ಹೋಗುತ್ತದೆ. ಯೇಸು ಪ್ರಾರ್ಥನೆಗೆ ಉದಾಹರಣೆ ಕೊಡಲು ಹೊರಟವನು. ಗುಹೆಯಲ್ಲಿ ಕಣ್ಣು ಮುಚ್ಚಿ ಕೂತ ತಪಸ್ವಿಯೊಬ್ಬನನ್ನು ಅವನು ತೋರಿಸಬಹುದಿತ್ತು. ತೋರಿಸಿದ್ದು ಕಚೇರಿಯ ಬಾಗಿಲಲ್ಲಿ ನಿಂತ ಹೆಂಗಸನ್ನು. ಅವಳ ಪರವಾಗಿ ಮಾತಾಡಲು ಗಂಡಸರಿಲ್ಲ, ಕೈಬಿಸಿ ಮಾಡಲು ದುಡ್ಡಿಲ್ಲ. ಅವಳ ಕೈಲಿರುವುದು ನಾಳೆ ಮತ್ತೆ ಬರುವ ಹಟವೊಂದೇ. ತನಗಾದದ್ದು ಅನ್ಯಾಯ, ಅದು ಹಾಗೆಯೇ ಉಳಿಯಕೂಡದು ಎಂಬ ಅವಳ ತಿಳಿವಳಿಕೆ ಒಂದು ದಿನವೂ ಮಸುಕಾಗುವುದಿಲ್ಲ. ಬಿಡದೆ ಪ್ರಾರ್ಥಿಸುವುದೆಂದರೆ, ಇರುವುದೇ ಕಡೆಯ ತೀರ್ಪು ಎಂದು ಒಪ್ಪಿಕೊಳ್ಳದಿರುವುದು. ನಾನಿಂದು ಹೇಳಬೇಕೆಂದು ಬಂದದ್ದು ಇದನ್ನೇ.

ಇನ್ನು ಎರಡನೆಯ ವಿಧವೆ. ಪಂಡಿತಾ ರಮಾಬಾಯಿ ಎಂದರೆ ಮಹಾರಾಷ್ಟ್ರದವರು, ಪುಣೆಯವರು ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವು. ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರದು ಕಾರ್ಕಳದ ಹತ್ತಿರದ ಮಾಳ. ಪುಣೆಯಲ್ಲಿ ಓದುವಾಗ ಪೇಶ್ವೆಯ ಅರಮನೆಯಲ್ಲಿ ಹೆಂಗಸೊಬ್ಬರು ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿ ಬೆರಗಾದವರು ಅವರು. ಮುಂದೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಯವರಿಗೆ ತಾವೇ ಸಂಸ್ಕೃತ ಕಲಿಸಿದರು. ಹೆಣ್ಣಿಗೆ ದೇವಭಾಷೆಯೇ ಎಂದು ಕೋಲಾಹಲವಾಯಿತು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು, ಶಾಸ್ತ್ರಗಳ ಆಧಾರದಿಂದಲೇ ಶಾಸ್ತ್ರಿಗಳು ತಮ್ಮ ಕೆಲಸವನ್ನು ಸಮರ್ಥಿಸಿಕೊಂಡರು. ಮಗಳು ಆರು ತಿಂಗಳ ಕೂಸಾಗಿದ್ದಾಗ ಮನೆಯವರೆಲ್ಲ ತೀರ್ಥಯಾತ್ರೆಗೆ ಹೊರಟರು. ಕೂಸು ಬೆತ್ತದ ಬುಟ್ಟಿಯಲ್ಲಿ ಘಟ್ಟ ಇಳಿಯಿತು. ಆ ಸಂಸಾರ ಮತ್ತೆ ಒಂದೆಡೆ ನೆಲೆ ನಿಲ್ಲಲೇ ಇಲ್ಲ.

ಊರಿಂದೂರಿಗೆ ನಡೆದು, ಗುಡಿಗಳಲ್ಲಿ ಪುರಾಣ ಓದಿ, ಬಂದ ಕಾಣಿಕೆಯಲ್ಲಿ ಬದುಕುವುದು. ಇದ್ದ ಹಣ ದಾನಧರ್ಮಕ್ಕೆ, ವ್ರತಕ್ಕೆ, ಪೂಜೆಗೆ ಕರಗಿತು. 1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಿದ್ದಾಗ ಅವರ ಬಳಿ ಏನೂ ಉಳಿದಿರಲಿಲ್ಲ. ಕಾಡಿನಲ್ಲಿ ಎಲೆ ತಿಂದು ದಿನ ಕಳೆದರು. 1874ರಲ್ಲಿ ತಂದೆ ತೀರಿಕೊಂಡರು. ಕೆಲ ತಿಂಗಳಲ್ಲೇ ತಾಯಿಯೂ ಹೋದರು. ತಾಯಿಯ ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಬಂದರು, ಮೂರನೆಯವನು ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾ. ಹುಡುಗಿ ಗಿಡ್ಡಳು. ಹೆಗಲು ಎಟುಕದೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ಸುಡುಗಾಡಿನವರೆಗೆ ನಡೆದಳು. ಆ ಮೇಲೆ ಅಕ್ಕನೂ ತೀರಿಕೊಂಡಳು.

ಈ ಸಂಸಾರವೂ ಬಿಡದೆ ಪ್ರಾರ್ಥಿಸಿತ್ತಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕು. ಅವರಷ್ಟು ಜಪ, ಉಪವಾಸ, ನಡಿಗೆ ಮಾಡಿದವರು ಎಷ್ಟು ಜನರಿದ್ದಾರು? ರಮಾಬಾಯಿ 1907ರಲ್ಲಿ ತಮ್ಮ ಸಾಕ್ಷಿಯನ್ನು ಬರೆದು ಪ್ರಕಟಿಸಿದರು. ಕ್ರೈಸ್ತರಾಗಿ ಸುಮಾರು ಕಾಲು ಶತಮಾನ ಸಂದಿತ್ತು. ತಂದೆಯ ಧರ್ಮವನ್ನು ಅವರು ಅದರಲ್ಲಿ ಕಟುವಾಗಿಯೇ ವಿಮರ್ಶಿಸುತ್ತಾರೆ. ಆದರೆ ತಂದೆಯ ಕಡೆಯ ಗಳಿಗೆಗೆ ಬಂದಾಗ ಅವರ ಬರವಣಿಗೆ ಬೇರೆಯಾಗುತ್ತದೆ. ಕಣ್ಣು ಮಂಜಾಗಿದ್ದ ಮುದುಕರು ಕಿರಿಮಗಳನ್ನು ಅಪ್ಪಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬದುಕಿರುವ ತನಕ ಅವನ ಸೇವೆ ಮಾಡು ಎಂಬರ್ಥದ ಮಾತು ಹೇಳಿದ್ದರು. ತಂದೆ ತನಗಾಗಿ ಮಾಡಿದ ಪ್ರಾರ್ಥನೆಯನ್ನು ಸರ್ವಶಕ್ತನು ಕೇಳಿದ, ತನ್ನನ್ನು ಕರೆತರುವುದು ಅವನಿಗೆ ಅಸಾಧ್ಯವಾಗಲಿಲ್ಲ ಎಂದು ಮಗಳು ಬರೆಯುತ್ತಾರೆ. ಕ್ರೈಸ್ತಳಾದ ಮಗಳು ತನ್ನ ನಂಬಿಕೆಯ ಬೇರನ್ನು ಹಿಂದೂ ತಂದೆಯ ಪ್ರಾರ್ಥನೆಯಲ್ಲಿ ಕಾಣುತ್ತಾಳೆ. ಪ್ರಾರ್ಥನೆ ನಮ್ಮ ಗುಂಪಿನ ಸ್ವತ್ತು ಎಂದು ಹೇಳಿಕೊಳ್ಳುವ ಕ್ರೈಸ್ತರು ಈ ಪುಟವನ್ನು ನಿಧಾನವಾಗಿ ಓದಬೇಕು. ಬಸದಿಯೂ ಗುಡಿಯೂ ಇರುವ ಈ ಊರಿನಲ್ಲಿ ಇದನ್ನು ಹೇಳಲು ನನಗೆ ಸಂತೋಷವಾಗುತ್ತದೆ.

ಮುಂದಿನದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅಣ್ಣ ತಂಗಿ ನಡೆಯುತ್ತಲೇ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತರ ಹುಡುಗಿಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಬಂಗಾಲಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿ ಮೀರಿದ ಮದುವೆ. 1882ರ ಫೆಬ್ರುವರಿಯಲ್ಲಿ ಕಾಲರಾ ಗಂಡನನ್ನು ಒಯ್ದಿತು. ಕೈಯಲ್ಲಿ ವರ್ಷವೂ ತುಂಬದ ಮಗಳು ಮನೋರಮಾ. ಇಪ್ಪತ್ಮೂರರ ರಮಾಬಾಯಿ ವಿಧವೆ.

ಅಂದಿನ ವಿಧವೆಯ ಪಾಡು ಏನೆಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಜ್ಜಿಯಂದಿರ ಬೋಳಿಸಿದ ತಲೆ, ಕೆಂಪು ಸೀರೆ, ಮೂಲೆಮನೆ ಇನ್ನೂ ನೆನಪಿನಿಂದ ದೂರ ಹೋಗಿಲ್ಲ. ಲೂಕನ ವಿಧವೆಯಂತೆ ರಮಾಬಾಯಿ ಸೀದಾ ಬಾಗಿಲಿಗೆ ಹೋದರು. ಅದೇ 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಕೂತು, ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರು ಬೇಕು, ಮದ್ದು ಮಾಡಲು ವೈದ್ಯೆಯರು ಬೇಕು ಎಂದು ಸಾಕ್ಷ್ಯ ನುಡಿದರು. ಮರುವರ್ಷ ವೈದ್ಯಕೀಯ ಓದುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಕೈಗೂಡಲಿಲ್ಲ. 1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಊರಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಅಲ್ಲಿಯೂ ಅವರು ತಲೆಬಾಗಿಸಿ ಕೂರಲಿಲ್ಲ. ಆಂಗ್ಲಿಕನ್ ಸನ್ಯಾಸಿನಿಯರು ವಿಧೇಯತೆ ಬೋಧಿಸಿದಾಗ, ಪುರೋಹಿತರ ಒಂದು ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ ಎಂಬ ಧಾಟಿಯಲ್ಲಿ ಪತ್ರಗಳಲ್ಲಿ ವಾದಿಸಿದರು. ಬಿಡದೆ ಪ್ರಾರ್ಥಿಸುವ ಹೆಂಗಸು ಎಂದರೆ ಮೆತ್ತನೆಯವಳು ಎಂದುಕೊಂಡವರಿಗೆ ಈ ಪತ್ರಗಳು ಬೇರೆಯೇ ಚಿತ್ರ ಕೊಡುತ್ತವೆ.

ದೇಶಕ್ಕೆ ಮರಳಿದ ರಮಾಬಾಯಿ 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದರು. ಅಲ್ಲಿಗೆ ಮೊದಲು ಬಂದ ವಿಧವೆ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರ ಮಡದಿ ಆನಂದೀಬಾಯಿಯಾದರು. ಸದನ ಪುಣೆಗೆ ಬಂದ ಮೇಲೆ ತಿಕ್ಕಾಟ ಎದ್ದಿತು. ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು, ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ರಾನಡೆ, ಭಂಡಾರಕರರಂಥ ಸಲಹೆಗಾರರು ರಾಜೀನಾಮೆ ಕೊಟ್ಟರು. ಹಲವು ಮನೆಯವರು ಹುಡುಗಿಯರನ್ನು ಕರೆದೊಯ್ದರು. ಶಾಲೆಯಲ್ಲಿ ಮತ ಬೋಧಿಸುವುದಿಲ್ಲ ಎಂದು ನಂಬಿ ಕಳಿಸಿದವರಿಗೆ ಆದ ನೋವನ್ನು ನಾನು ಅಲ್ಲಗಳೆಯಲಾರೆ. ತನ್ನ ದೇವರ ಮುಂದೆ ಕೂರುವಾಗ ಕದ ಮುಚ್ಚಿಕೊಳ್ಳಬೇಕಾಗಿಲ್ಲ ಎಂಬ ರಮಾಬಾಯಿಯವರ ನಿಲುವೂ ನನಗೆ ಸುಳ್ಳೆನಿಸುವುದಿಲ್ಲ. ಆ ಗಾಯ ಎರಡೂ ಕಡೆ ಉಳಿಯಿತು.

ಈ ಹೊತ್ತಿನಲ್ಲೇ ಅವರು ಜಾರ್ಜ್ ಮುಲ್ಲರ್ ಅವರ ಜೀವನಚರಿತ್ರೆಯನ್ನು ಓದಿದರು. ಮುಲ್ಲರ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸಿದವರು. 1898ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು ಹತ್ತು ಸಾವಿರ ಮಕ್ಕಳು ಅವರ ಆಶ್ರಯದಲ್ಲಿ ಬೆಳೆದಿದ್ದರು. ಹಣಕ್ಕಾಗಿ ಅವರು ಯಾರ ಮುಂದೆಯೂ ಕೈಚಾಚಲಿಲ್ಲ, ಪ್ರಾರ್ಥನೆಯಲ್ಲಿ ಕೇಳಿದರು. ಇಂಗ್ಲೆಂಡಿನಲ್ಲಿ ನಡೆದದ್ದು ನಮ್ಮ ದೇಶದಲ್ಲೂ ನಡೆದೀತೇ ಎಂದು ರಮಾಬಾಯಿ ಯೋಚಿಸಿದರು. ಲೋಣಾವಳದ ಪ್ರಾರ್ಥನಾ ಶಿಬಿರಕ್ಕೆ ಹೋದಾಗ ಜೊತೆಗೆ ಇದ್ದದ್ದು ಹದಿನೈದು ಕ್ರೈಸ್ತ ಹುಡುಗಿಯರು. ಆ ಹದಿನೈದನ್ನು ಹದಿನೈದರಿಂದ ಗುಣಿಸಿ, 225 ಮಾಡಿಕೊಡು ಎಂದು ದೇವರಲ್ಲಿ ಬೇಡಿದರು. ಇಟ್ಟುಕೊಳ್ಳಲು ಜಾಗವಿಲ್ಲ, ಉಣಿಸಲು ಹಣವಿಲ್ಲ. ಲೆಕ್ಕ ಬಲ್ಲವರಿಗೆ ಅದು ಆಗದ ಮಾತು.

ಅದೇ ಕಾಲಕ್ಕೆ ಮಧ್ಯಭಾರತದಲ್ಲಿ ಭೀಕರ ಬರ. ಎಲೆ ತಿಂದು ಬದುಕುಳಿದ ಹೆಂಗಸಿಗೆ ಆ ಸುದ್ದಿ ಪತ್ರಿಕೆಯ ಸುದ್ದಿಯಾಗಿ ಕಾಣಲಿಲ್ಲ. ಸ್ವತಃ ಹೋಗಿ, ಪರಿಹಾರ ಶಿಬಿರಗಳಲ್ಲಿ ಹೆಣ್ಣುಮಕ್ಕಳನ್ನು ಹಿಡಿದು ಮಾರುತ್ತಿದ್ದವರ ಕೈಯಿಂದ ಬಿಡಿಸಿ, ಸುಮಾರು 300 ಜನರನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗ್ ಇತ್ತು, ಅದರ ನಿಯಮದಿಂದಾಗಿ ಅವರನ್ನು ಅಲ್ಲಿ ಇಡುವಂತಿರಲಿಲ್ಲ. ಪುಣೆಯಿಂದ ಸೋಲಾಪುರದ ಕಡೆಗೆ ಹೋಗುವ ರೈಲುದಾರಿಯ ಕೇಡಗಾಂವದಲ್ಲಿ ಮೊದಲೇ ಕೊಂಡಿದ್ದ ಬಯಲು ಭೂಮಿ ಇತ್ತು. ಅಲ್ಲಿ ಬಾವಿ ತೋಡಿಸಿದರು, ಗುಡಿಸಲು ಎಬ್ಬಿಸಿದರು. ಅದೇ ಮುಂದೆ ಮುಕ್ತಿ ಮಿಷನ್ ಆಯಿತು. ಅಮೆರಿಕದ ಗೆಳೆಯರು ಶಾರದಾ ಸದನಕ್ಕೆ ಹತ್ತು ವರ್ಷಕ್ಕೆಂದು ಮಾತು ಕೊಟ್ಟಿದ್ದ ನೆರವು 1898ಕ್ಕೆ ಮುಗಿಯಿತು. 1900ರ ಗುಜರಾತ್ ಬರದಲ್ಲಿ ಇನ್ನಷ್ಟು ಜನ ಬಂದು, ಮುಕ್ತಿಯಲ್ಲಿ ಉಣ್ಣುವವರ ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು.

ಇಲ್ಲಿ ಪವಾಡ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಆ ಬಾವಿಗಳನ್ನು ತೋರಿಸುತ್ತೇನೆ. ಹುಡುಗಿಯರನ್ನು ಕೊಡು ಎಂದು ಬೇಡಿದವರೇ ಅವರನ್ನು ಹುಡುಕಿಕೊಂಡು ಬರಗಾಲದ ಊರಿಗೆ ನಡೆದರು. ನೀರು ಕೊಡು ಎಂದು ಬೇಡಿದವರೇ ನೆಲ ಅಗೆಸಿದರು. ಪುಣೆಯ ಪ್ಲೇಗ್ ಆಸ್ಪತ್ರೆಯ ವ್ಯವಸ್ಥೆಯಲ್ಲಿ ತಮ್ಮ ಹುಡುಗಿಯೊಬ್ಬಳಿಗೆ ಅನ್ಯಾಯವಾಯಿತು ಎಂದು ತಿಳಿದಾಗ ಪತ್ರಿಕೆಗೆ ಕಟುವಾದ ಪತ್ರ ಬರೆದರು. ಆ ಮಾತು ಸರ್ಕಾರದ ಮಟ್ಟಕ್ಕೆ ಹೋಯಿತು. ಮೊಣಕಾಲೂರುವುದೂ ಅರ್ಜಿ ಹಾಕುವುದೂ ಅವರಿಗೆ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ನೇಕಾರರ ನಡುವೆ ನಿಂತಿದ್ದೇನೆ, ಅದಕ್ಕೆ ಒಂದು ಮಾತು: ಹಾಸಿನಲ್ಲಿ ಎಳೆ ಹರಿದರೆ ನೀವು ಮಗ್ಗ ಬಿಟ್ಟು ಏಳುವುದಿಲ್ಲ, ತುದಿ ಹುಡುಕಿ ಗಂಟು ಹಾಕಿ ಮತ್ತೆ ಲಾಳಿ ಓಡಿಸುತ್ತೀರಿ. ಅವರ ದಿನಗಳೂ ಹಾಗೆಯೇ ಸಾಗಿದವು.

1905ರ ಜನವರಿಯಲ್ಲಿ ರಮಾಬಾಯಿ ಮುಕ್ತಿಯ ಹುಡುಗಿಯರಿಗೆ, ದಿನವೂ ಕೂಡಿ ದೇಶಕ್ಕಾಗಿ ಪ್ರಾರ್ಥಿಸಲು ಯಾರು ಸಿದ್ಧರಿದ್ದೀರಿ ಎಂದು ಕೇಳಿದರು. ಎಪ್ಪತ್ತು ಜನ ಎದ್ದು ನಿಂತರು. ಜೂನ್ ಹೊತ್ತಿಗೆ ಅದು 550 ಆಯಿತು. ಆ ತಿಂಗಳ ಕೊನೆಯಲ್ಲಿ ಎದ್ದ ಆತ್ಮಿಕ ಉಜ್ಜೀವನದ ಸುದ್ದಿ ಹೊರದೇಶಗಳಿಗೂ ಹಬ್ಬಿತು. ಮುಕ್ತಿಯಲ್ಲಿ ಕೆಲಸ ಮಾಡುತ್ತಿದ್ದ ಮಿನ್ನಿ ಏಬ್ರಮ್ಸ್ ಬರೆದ ಕಿರುಪುಸ್ತಕ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ತಲುಪಿ, 1909ರಲ್ಲಿ ಅಲ್ಲಿ ಹುಟ್ಟಿದ ಪೆಂತೆಕೊಸ್ತ ಸಭೆಗಳಿಗೆ ಪ್ರೇರಣೆಯಾಯಿತು. ಈ ಕಥೆ ಹೇಳುವವರು ಸಾಮಾನ್ಯವಾಗಿ ಜೂನಿನ ಆವೇಶವನ್ನು, ಕಣ್ಣೀರನ್ನು ವರ್ಣಿಸುತ್ತಾರೆ. ನನ್ನ ಮನಸ್ಸು ನಿಲ್ಲುವುದು ಅದರ ಹಿಂದಿನ ಐದಾರು ತಿಂಗಳ ಬೆಳಗುಗಳ ಮೇಲೆ. ಏನೂ ನಡೆಯದ ಬೆಳಗುಗಳು ಅವು. ಬರದಲ್ಲಿ ಬೀದಿಗೆ ಬಿದ್ದು, ಯಾರಿಗೂ ಬೇಡವಾಗಿದ್ದ ಹುಡುಗಿಯರು ಎದ್ದು ಬಂದು ತಮಗೆ ಮುಖ ಪರಿಚಯವಿಲ್ಲದ ಜನರಿಗಾಗಿ ಬೇಡಿಕೊಂಡರು. ಬೇಡಿಸಿಕೊಳ್ಳುವವರಾಗಿದ್ದವರು ಬೇಡುವವರಾದರಲ್ಲ, ಅದನ್ನು ನಾನು ದೊಡ್ಡದೆನ್ನುತ್ತೇನೆ.

ಇಲ್ಲಿ ಒಂದು ಕಿವಿಮಾತು ಹೇಳದೆ ಮುಂದೆ ಹೋಗಲಾರೆ. ಪ್ರಾರ್ಥನೆ ಮಾಡಿಸಿ, ಔಷಧಿ ಬಿಡಿ ಎನ್ನುವವರು ಇದ್ದಾರೆ. ಗುಣವಾಗದಿದ್ದರೆ ನಿಮ್ಮ ನಂಬಿಕೆ ಸಾಲದು ಎಂದು ರೋಗಿಯ ತಲೆಗೇ ಕಟ್ಟುವವರೂ ಇದ್ದಾರೆ. ಇದು ಕ್ರೌರ್ಯ. ಈ ಭಾಗದ ಎಷ್ಟೋ ಮನೆಗಳವರು ದೊಡ್ಡ ಜಡ್ಡು ಬಂದರೆ ಮಿರಜಿನ ದಾರಿ ಹಿಡಿಯುತ್ತ ಬಂದಿದ್ದಾರೆ. ಅಲ್ಲಿನ ಮಿಷನ್ ದವಾಖಾನೆಯನ್ನು 1894ರಲ್ಲಿ ತೆರೆದ ಡಾಕ್ಟರ್ ವಿಲಿಯಂ ವಾನ್‌ಲೆಸ್ ಪ್ರಾರ್ಥನೆಯಲ್ಲಿ ನಂಬಿಕೆಯಿದ್ದ ಮಿಷನರಿ. ಆ ನಂಬಿಕೆಯೇ ಅವರ ಕೈಗೆ ಶಸ್ತ್ರ ಕೊಟ್ಟಿತು. ಗದಗ-ಬೆಟಗೇರಿಯ ಬಾಸೆಲ್ ಮಿಷನ್ ಆಸ್ಪತ್ರೆಯೂ ಅಂಥದೇ ನಂಬಿಕೆಯಿಂದ ಎದ್ದದ್ದು. ಔಷಧಿ ಬಿಡಿಸುವ ಪ್ರಾರ್ಥನೆಗೆ ಲೂಕನ ಹೆಸರು ಹೇಳುವುದು ಸಲ್ಲದು. ಆ ಸುವಾರ್ತೆಕಾರನೇ ವೈದ್ಯನಾಗಿದ್ದ ಎಂಬುದು ಸಭೆಯ ಪರಂಪರೆ.

ಇನ್ನು ಕಷ್ಟದ ಭಾಗ. ಬಿಡದೆ ಬೇಡಿಯೂ ಸಿಗದ ಸಂದರ್ಭಗಳಿಗೆ ಏನು ಹೇಳುವುದು? ಯೇಸುವೇ ಗೆತ್ಸೆಮನೆ ತೋಟದಲ್ಲಿ ಈ ಕಷ್ಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಅದೇ ಮಾತನ್ನು ಮೂರು ಸಲ ಬೇಡಿದ. ಪಾತ್ರೆ ತೊಲಗಲಿಲ್ಲ. ಪೌಲನೂ ತನ್ನ ಶರೀರದಲ್ಲಿ ನೆಟ್ಟ ಮುಳ್ಳನ್ನು ತೆಗೆ ಎಂದು ಮೂರು ಸಲ ಕೇಳಿಕೊಂಡ. ಮುಳ್ಳು ಹೋಗಲಿಲ್ಲ, ಅದನ್ನು ಹೊತ್ತು ನಡೆಯುವ ಬಲ ಬಂತು. ಸಿಗದ ಉತ್ತರಗಳನ್ನು ನಮ್ಮ ವೇದಗ್ರಂಥವೇ ಮುಚ್ಚಿಡದಿರುವಾಗ ನಮ್ಮ ಉಪದೇಶಗಳು ಯಾಕೆ ಮುಚ್ಚಿಡಬೇಕು?

ರಮಾಬಾಯಿಯವರ ಬದುಕಿನಲ್ಲೂ ಅದು ಬಂತು. ಮಗಳು ಮನೋರಮಾ ಓದಿ ಬಂದು ತಾಯಿಯ ಬಲಗೈಯಾಗಿದ್ದರು. 1912ರಲ್ಲಿ ತಾಯಿಮಗಳು ಅಂದಿನ ನಿಜಾಮ್ ಸೀಮೆಯ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮನೋರಮಾ ಅದರ ಹೊಣೆ ಹೊತ್ತರು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಕೂಸು ಹೀಗೆ ಕನ್ನಡ ನಾಡಿಗೆ ಶಾಲೆಯೊಂದನ್ನು ಕೊಟ್ಟಿತು, ನಮ್ಮವರು ಅದನ್ನು ಹೆಚ್ಚು ನೆನೆಯುವುದಿಲ್ಲ. ಮುಕ್ತಿಯನ್ನು ತನ್ನ ಬಳಿಕ ಮಗಳು ನಡೆಸುತ್ತಾಳೆ ಎಂಬುದು ತಾಯಿಯ ಆಸೆ. 1921ರ ಜುಲೈ 24ರಂದು ನಲವತ್ತರ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ಆ ಮಗಳಿಗಾಗಿ ಕೇಡಗಾಂವದಲ್ಲಿ ಎಷ್ಟು ಬಾಯಿಗಳು ಬೇಡಿಕೊಂಡಿರಬೇಕು! ಅಂಥ ಸಾವನ್ನು ವಿವರಿಸಲು ನಾನು ಹೋಗುವುದಿಲ್ಲ. ವಿವರಣೆ ಕೊಟ್ಟು ತಾಯಂದಿರ ಬಾಯಿ ಮುಚ್ಚಿಸುವ ಅಭ್ಯಾಸವನ್ನು ನಾವು ಪಾದ್ರಿಗಳೂ ಬೋಧಕರೂ ಬಿಡಬೇಕು. ಆ ತಾಯಿ ಮುಂದೇನು ಮಾಡಿದರು ಎಂಬುದನ್ನಷ್ಟೇ ಹೇಳಿ ನನ್ನ ಮಾತು ನಿಲ್ಲಿಸುತ್ತೇನೆ.

ವರ್ಷಗಟ್ಟಲೆಯಿಂದ ಅವರು ಬೈಬಲನ್ನು ಹೀಬ್ರೂ, ಗ್ರೀಕ್ ಮೂಲದಿಂದ ಮರಾಠಿಗೆ ತರುತ್ತಿದ್ದರು. ಬರಗಾಲದಿಂದ ಬಂದ, ಹೆಚ್ಚು ಓದದ ಹೆಂಗಸರಿಗೆ ತಿಳಿಯುವ ಮರಾಠಿ ಅವರಿಗೆ ಬೇಕಿತ್ತು. ಮಗಳನ್ನು ಮಣ್ಣು ಮಾಡಿದ ಮೇಲೆ ಅರವತ್ಮೂರರ ಆ ತಾಯಿ, ಕಿವಿ ಕೇಳದ, ಒಡಲು ಸೋತ ಸ್ಥಿತಿಯಲ್ಲಿ, ಮತ್ತೆ ಕರಡಚ್ಚು ತಿದ್ದಲು ಕೂತರು. ಮುಗಿಸುವಷ್ಟು ದಿನ ಕೊಡು ಎಂದು ದೇವರನ್ನು ಕೇಳಿಕೊಂಡರೆಂದು ಮುಕ್ತಿಯವರು ಇಂದಿಗೂ ಹೇಳುತ್ತಾರೆ. ತಿದ್ದುವ ಕೆಲಸ ಮುಗಿಯಿತು, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚಿದರು. ಬೈಬಲ್ 1924ರಲ್ಲಿ ಹೊರಬಂತು. ಅದರ ಮೊಳೆಗಳನ್ನು ಜೋಡಿಸಿ, ಹಾಳೆಗಳನ್ನು ಅಚ್ಚು ಹಾಕಿದವರು ಮುಕ್ತಿಯ ಮುದ್ರಣಾಲಯದ ಹೆಂಗಸರೇ.